ಅನುಮಾನ ಬಂದರೆ ಕೆಂಪು

ನಾನು ಜಗಳಗಂಟನಲ್ಲ. ಆದರೆ ತಪ್ಪು ಕಣ್ಣಿಗೆ ಬಿದ್ದ ಮೇಲೆ ಬಾಯಿ ಮುಚ್ಚಿಕೊಂಡು ಕೂರುವುದು ನನ್ನಿಂದ ಆಗದ ಕೆಲಸ. ಹರಿಹರದ ಒಂದು ಕಾರ್ಖಾನೆಯಲ್ಲಿ, ಅದರ ಹೆಸರು ಈಗ ಯಾಕೆ, ತಪಾಸಣೆ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಕಳೆದವನು ನಾನು. ಬೇರೆಯವರು ಮಾಡಿದ ಮಾಲನ್ನು ಗೇಜು ಹಾಕಿ ಅಳೆದು, ಸರಿ ಇದ್ದರೆ ಮುಂದಕ್ಕೆ ಕಳಿಸುವುದು, ಇಲ್ಲದಿದ್ದರೆ ಅದರ ಮೈಗೆ ಕೆಂಪು ಬಣ್ಣ ಬಳಿದು ಪಕ್ಕಕ್ಕೆ ತಳ್ಳುವುದು. ಇಷ್ಟೇ ನನ್ನ ಉದ್ಯೋಗ. ಎಂಟು ವರ್ಷದ ಹಿಂದೆ ಕಾರ್ಖಾನೆ ಬಾಗಿಲು ಹಾಕಿತು, ಚಾಳಿ ಮಾತ್ರ ಉಳಿಯಿತು. ಮದುವೆಗೆ ಹೋದರೆ ಮೊದಲು ಚಪ್ಪರದ ಕಂಬ ನೆಟ್ಟಗಿದೆಯೇ ಎಂದು ನೋಡುತ್ತೇನೆ, ಆಮೇಲೆ ಮದುಮಕ್ಕಳನ್ನು. "ನಮ್ಮನೆಯೋರು ಉಪ್ಪಿಟ್ಟಿಗೂ ಗೇಜು ಹಾಕ್ತಾರೆ" ಎಂದು ನನ್ನ ಹೆಂಡತಿ ನಿರ್ಮಲಮ್ಮ ಇಡೀ ಬೀದಿಗೆ ಸಾರಿದ್ದಾಳೆ. ಹಾಕಿದರೆ ತಪ್ಪೇನು? ಉಪ್ಪಿಟ್ಟು ಗಂಟಾಗಿದ್ದರೆ ಗಂಟಾಗಿದೆ ಅನ್ನಬೇಕಲ್ಲ.

ಕಾರ್ಖಾನೆ ಮುಚ್ಚಿದಾಗ ನನ್ನನ್ನು ಕರೆದು ಕೆಲಸ ಕೊಟ್ಟವರು ಮಕ್ತುಮ್ ಸಾಬ್. ನಾನು ತಪಾಸಣೆಯಲ್ಲಿದ್ದಾಗ ಅವರು ಅಲ್ಲೇ ಲೇಥ್ ಮೇಲೆ ಲೋಹ ಕಡೆಯುವ ಟರ್ನರ್ ಆಗಿದ್ದರು. ಈಗ ಊರಾಚೆ ಎರಡು ಲೇಥ್ ಇಟ್ಟುಕೊಂಡು ಪಂಪುಗಳಿಗೆ ಬೇಕಾದ ಬುಷ್ ಮಾಡುತ್ತಾರೆ. ಬುಷ್ ಎಂದರೆ ನಡುವೆ ತೂತಿರುವ ಬಳೆಯಂಥ ಲೋಹದ ತುಂಡು. "ನಿಮ್ಮಂಥಾ ಕಣ್ಣು ಈ ಊರಾಗೆ ಇನ್ನೊಂದಿಲ್ಲ ಕೊಟ್ಟೂರಪ್ನೋರೆ. ನೀವು ನೋಡಿದ್ ಮಾಲು ಅಂದ್ರೆ ನಾನು ಕಣ್ಮುಚ್ಚಿ ಕಳಿಸ್ತೀನಿ" ಎಂದು ಮೊದಲ ದಿನವೇ ಹೇಳಿದ್ದರು. ಆ ಮಾತು ಕೇಳಿ ನನ್ನ ಎದೆ ಎಷ್ಟು ಉಬ್ಬಿತೋ ಅಷ್ಟೇ ಒಳಗೆಲ್ಲೋ ಚುಚ್ಚಿತು ಕೂಡ. ಯಾಕೆಂದು ಆಮೇಲೆ ಹೇಳುತ್ತೇನೆ.

ನಮಗೆ ಒಬ್ಬಳೇ ಮಗಳು, ತನುಶ್ರೀ. ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಮೂರನೇ ವರ್ಷ, ಕಂಪ್ಯೂಟರ್ ಸೈನ್ಸು. ಬೆಳಿಗ್ಗೆ ಎಂಟರ ಬಸ್ಸಿಗೆ ಹೋಗಿ ಸಂಜೆ ಆರಕ್ಕೆ ಬರುತ್ತಾಳೆ. ಮಾತು ಕಮ್ಮಿ. ಕಳೆದ ದಸರಾ ಮುಗಿದ ಮೇಲೆ ಒಂದು ದಿನ ಊಟಕ್ಕೆ ಕೂತಾಗ, "ಅಪ್ಪಾಜಿ, ಪ್ರೋಗ್ರಾಮಿಂಗ್ ಸ್ಪರ್ಧೆ ಐತೆ. ಭಾನುವಾರ ಭಾನುವಾರ ನಮ್ಮನೇಲಿ ಪ್ರಾಕ್ಟೀಸ್ ಮಾಡಬಹುದಾ? ಮೂರು ಜನ" ಎಂದಳು. ಅಷ್ಟು ಉದ್ದದ ಮಾತನ್ನು ಅವಳು ಒಂದೇ ಉಸಿರಿಗೆ ಆಡಿದ್ದೇ ನನಗೆ ಆಶ್ಚರ್ಯ.

ಉಳಿದಿಬ್ಬರು ಮುದಸ್ಸಿರ್ ಮತ್ತು ಸುಷ್ಮಾ. ಮುದಸ್ಸಿರನ ತಂದೆ ಅಬ್ದುಲ್ ರಹೀಮ್ ಅವರದು ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ. ಮನೆಯೂ ಭಟ್ಟಿಗೆ ಅಂಟಿಕೊಂಡೇ ಇರುವುದರಿಂದ ಅಲ್ಲಿ ಹೊಗೆಯಲ್ಲಿ ಕೂರಲಾಗದು. ಸುಷ್ಮಾ ದಾವಣಗೆರೆಯಂಚಿನ ಆವರಗೆರೆಯವಳು. ಅವಳ ಮನೆಯ ಎರಡೂ ಪಕ್ಕದಲ್ಲಿ ಹೊಸ ಕಟ್ಟಡ ಏಳುತ್ತಿದ್ದು, ಬೆಳಗಾದರೆ ಗರಗರ ಸದ್ದು. ಹಾಗಾಗಿ ಪ್ರತಿ ಭಾನುವಾರ ಒಂಬತ್ತೂವರೆಗೆ ಇಬ್ಬರೂ ನಮ್ಮ ಮನೆಗೆ. ಮುದಸ್ಸಿರ್ ಬರುವಾಗ ಭಟ್ಟಿಯಿಂದ ನೇರ ಒಂದು ಚೀಲ ಮಂಡಕ್ಕಿ ಹೊತ್ತು ತರುತ್ತಿದ್ದ. ನಿರ್ಮಲಮ್ಮ ಅದಕ್ಕೆ ಈರುಳ್ಳಿ, ಹುರಿಗಡಲೆ ಪುಡಿ, ಒಗ್ಗರಣೆ ಹಾಕಿ, ಜೊತೆಗೆ ಮೆಣಸಿನಕಾಯಿ ಬಜ್ಜಿ ಕರಿದು ಕೊಡುತ್ತಿದ್ದಳು. ಮೂರು ತಿಂಗಳಲ್ಲಿ ಕಂಪ್ಯೂಟರಿನ ಕೀಗಳ ಸಂದಿಗೆಲ್ಲ ಮಂಡಕ್ಕಿ ಸೇರಿಕೊಂಡಿತು.

ನಾನು ಪೇಪರ್ ಓದುವ ನೆಪದಲ್ಲಿ ಮೂಲೆಯಲ್ಲಿ ಕೂತು ನೋಡುತ್ತಿದ್ದೆ. ನನಗೆ ತಿಳಿದಿದ್ದು ಇಷ್ಟು. ಸ್ಪರ್ಧೆಯಲ್ಲಿ ಮೂವರಿಗೂ ಸೇರಿ ಒಂದೇ ಕಂಪ್ಯೂಟರ್, ಐದು ಗಂಟೆ ಸಮಯ, ಎಂಟು ಲೆಕ್ಕ. ಒಂದೊಂದು ಲೆಕ್ಕಕ್ಕೂ ಪ್ರೋಗ್ರಾಂ ಬರೆದು ಕಳಿಸಬೇಕು. ಆ ಕಡೆ ಇರುವ ಯಂತ್ರ ಅದನ್ನು ಓಡಿಸಿ ನೋಡಿ, ಸರಿ ಅಥವಾ ತಪ್ಪು ಎಂದಷ್ಟೇ ಹೇಳುತ್ತದೆ. ಯಾಕೆ ತಪ್ಪು ಅಂತ ಹೇಳುವುದಿಲ್ಲ, ಸಮಾಧಾನವನ್ನಂತೂ ಮಾಡುವುದೇ ಇಲ್ಲ. ಆ ಯಂತ್ರ ನನಗೆ ಬಹಳ ಹಿಡಿಸಿತು.

ಮೂರನೇ ಭಾನುವಾರ ನನ್ನ ತಾಳ್ಮೆ ಕೆಟ್ಟಿತು. ಮುದಸ್ಸಿರನ ಕೈ ಓಡುವ ವೇಗ ನೋಡಬೇಕು, ಬೆರಳು ಕಾಣುವುದಿಲ್ಲ. ಬರೆಯುತ್ತಾನೆ, ತಾನೇ ಒಮ್ಮೆ ಕಣ್ಣಾಡಿಸುತ್ತಾನೆ, ಕಳಿಸುತ್ತಾನೆ. ತಪ್ಪು. ಮತ್ತೆ ತಿದ್ದುತ್ತಾನೆ, ಕಳಿಸುತ್ತಾನೆ. ತಪ್ಪು. ಹತ್ತು ಕಳಿಸಿದರೆ ಆರು ವಾಪಸ್.

ನಾನು ಪೇಪರ್ ಮಡಚಿಟ್ಟು, "ಏನಪಾ ಮುದಸ್ಸಿರ್, ಅದನ್ನ ಬರೆದೋನು ಯಾರು?" ಎಂದೆ.

"ನಾನೇ ಅಂಕಲ್."

"ಸರಿ ಐತೆ ಅಂತ ನೋಡಿದೋನು?"

"ನಾನೇ."

"ಮಾಡಿದೋನೇ ತಪಾಸಣೆ ಮಾಡಿದ್ರೆ ತಪ್ಪು ಹೆಂಗಪಾ ಸಿಗ್ತೈತೆ? ಅವನ ಕಣ್ಣಿಗೆ ತಾನು ಮಾಡಬೇಕು ಅನ್ಕಂಡಿದ್ದು ಕಾಣ್ತೈತೆ, ಮಾಡಿದ್ದು ಕಾಣಲ್ಲ. ನಮ್ಮ ಕಾರ್ಖಾನೆಯಾಗೆ ಟರ್ನರ್ ತನ್ನ ಮಾಲನ್ನ ತಾನು ಪಾಸ್ ಮಾಡಂಗೇ ಇರ್ಲಿಲ್ಲ."

ಹುಡುಗರು ನಗಲಿಲ್ಲ. ಅದೇ ನನ್ನ ತಲೆ ತಿರುಗಿಸಿದ್ದು. ಸುಷ್ಮಾ ಕೂಡಲೇ ಪೆನ್ನು ಹಿಡಿದು, "ಹಂಗಾದ್ರೆ ಹೆಂಗೆ ಮಾಡೋಣ ಅಂಕಲ್?" ಎಂದು ಕೇಳಿದಳು. ನಾನು ಕುರ್ಚಿ ಎಳೆದುಕೊಂಡು ಕೂತು ಪದ್ಧತಿ ಹಾಕಿಕೊಟ್ಟೆ. ಸುಷ್ಮಾ ಲೆಕ್ಕ ಬಿಡಿಸುವುದು. ಮುದಸ್ಸಿರ್ ಬರೆಯುವುದು. ತನುಶ್ರೀ ತಪಾಸಣೆ. ಅವಳು ಸರಿ ಅನ್ನುವ ತನಕ ಏನೂ ಆಚೆ ಹೋಗುವಂತಿಲ್ಲ. ಅವಳ ಕೈಗೆ ಒಂದು ಕೆಂಪು ಸ್ಕೆಚ್ ಪೆನ್ನು ಕೊಟ್ಟು ಹೇಳಿದೆ: "ಅನುಮಾನ ಬಂದ್ರೆ ಕೆಂಪು. ಯಾಕೆ ಬಂತು ಅಂತ ಆಮ್ಯಾಲೆ ವಿಚಾರ ಮಾಡು. ಮೊದ್ಲು ಕೆಂಪು."

ಪದ್ಧತಿ ಕೆಲಸ ಮಾಡಿತು. ತನು ಹಾಳೆಯ ಮೇಲೆ ಸಾಲು ಸಾಲಾಗಿ ಬೆರಳಿಟ್ಟು ಓದುವಳು. ಎಲ್ಲೋ ಒಂದು ಕಡೆ ಬೆರಳು ನಿಂತಿತೆಂದರೆ ಮುದಸ್ಸಿರ್ ತಲೆ ಕೆರೆದುಕೊಳ್ಳುವನು, ಅಲ್ಲಿ ತಪ್ಪಿದೆಯೆಂದೇ ಅರ್ಥ. ಡಿಸೆಂಬರ್ ಹೊತ್ತಿಗೆ ಹತ್ತು ಕಳಿಸಿದರೆ ಒಂದು ವಾಪಸ್ ಬಂದರೆ ಹೆಚ್ಚು. ನಾನು ವರ್ಕ್‌ಶಾಪಿನಲ್ಲಿ ಚಹಾದ ಹೊತ್ತಿಗೆಲ್ಲ ಇದೇ ಮಾತು ಆಡುತ್ತಿದ್ದೆ. "ಸಾಕು ಮಾರಾಯ್ರೆ, ಕಂಪ್ಯೂಟರಿಗೂ ನೀವೇ ಅಪ್ಪ ಅನ್ನಂಗೆ ಆಡ್ತೀರಿ" ಎಂದು ಮಕ್ತುಮ್ ಸಾಬ್ ನಗುತ್ತಿದ್ದರು. ನಗಲಿ ಎಂದುಕೊಂಡೆ. ನನ್ನ ಮಗಳು ನನ್ನ ಕೆಲಸಕ್ಕೆ ಬಂದಿದ್ದಳು. ಅದಕ್ಕಿಂತ ಇನ್ನೇನು ಬೇಕು?

ಕಾಲೇಜಿನಲ್ಲಿ ಆಯ್ಕೆಗೆಂದು ಎರಡು ಸುತ್ತು. ಎರಡರದೂ ಕೂಡಿಸಿ, ಇದ್ದ ಹನ್ನೊಂದು ತಂಡಗಳಲ್ಲಿ ಎರಡನ್ನು ಮುಖ್ಯ ಸ್ಪರ್ಧೆಗೆಂದು ಹುಬ್ಬಳ್ಳಿಗೆ ಕಳಿಸುತ್ತಾರೆ. ಮೊದಲ ಸುತ್ತು ಜನವರಿಯ ಒಂದು ಶನಿವಾರ ಮುಗಿಯಿತು. ತನು ಮನೆಗೆ ಬಂದು, "ನಾಲ್ಕನೇದು" ಎಂದಷ್ಟೇ ಹೇಳಿ ಕೈಕಾಲು ತೊಳೆಯಲು ಹೋದಳು. ಮರುದಿನ ಭಾನುವಾರ ಯಾರೂ ಬರಲಿಲ್ಲ. ನಿರ್ಮಲಮ್ಮ ಸೀಳಿಟ್ಟ ಮೆಣಸಿನಕಾಯಿ ಹಾಗೇ ಉಳಿದವು. ಯಾಕೆಂದು ಕೇಳಿದೆ.

"ಮುಂದಿನ ಭಾನುವಾರ ಎರಡನೇ ಸುತ್ತು. ನನ್ನ ಬದ್ಲು ನೌಮಾನ್ ಅಂತ ಇದಾನೆ, ಅವನು ಕೂಡ್ತಾನೆ. ಶುಕ್ರವಾರ ಸಂಜೆಯೊಳ್ಗೆ ಮೇಡಂಗೆ ಹೆಸರು ಬದಲಿಸಿ ಕೊಡಬೇಕು."

"ಯಾಕ? ಏನಾತು?"

"ನಾನು ಸರಿ ಇಲ್ಲ ಅಪ್ಪಾಜಿ, ಅದಕ್ಕೆ" ಎಂದು ಪುಸ್ತಕ ತೆರೆದು ಕೂತಳು. ಮುಖದಲ್ಲಿ ಅಳುವಿಲ್ಲ, ಸಿಟ್ಟಿಲ್ಲ.

ನನಗೆ ಪಿತ್ತ ನೆತ್ತಿಗೇರಿತು. ಮೂರು ತಿಂಗಳು ನನ್ನ ಮನೆಯ ಬಜ್ಜಿ ತಿಂದು, ಪದ್ಧತಿ ಕಲಿತು, ಕೊನೆಗೆ ನನ್ನ ಮಗಳನ್ನೇ ಆಚೆ ಹಾಕಿದರೇ? ಎರಡು ದಿನ ತಡೆದೆ. ಮಂಗಳವಾರ ನಾಲ್ಕಕ್ಕೇ ಕೆಲಸ ಬಿಟ್ಟು ದಾವಣಗೆರೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನೇನು ಅನ್ನಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ.

ಭಟ್ಟಿಯ ಬೆಂಕಿಯ ಮುಂದೆ ರಹೀಮ್ ಸಾಬರು ಬನಿಯನ್ನಿನಲ್ಲಿ ನಿಂತಿದ್ದರು. ನಾನು ಯಾರೆಂದು ತಿಳಿದದ್ದೇ, "ಅರೇ, ಇನ್ಸ್‌ಪೆಕ್ಷನ್ ಸಾಹೇಬ್ರು! ಬರ್ರಿ ಬರ್ರಿ, ಕೂಡ್ರಿ" ಎಂದು ಒಂದು ಖಾಲಿ ಡಬ್ಬ ಬೋರಲು ಹಾಕಿ ಒರೆಸಿಕೊಟ್ಟರು. ಜಗಳಕ್ಕೆಂದು ಬಂದವನನ್ನು ಹೀಗೆ ಕೂರಿಸಿಬಿಟ್ಟರೆ ಅರ್ಧ ಸಿಟ್ಟು ಅಲ್ಲೇ ಇಳಿಯುತ್ತದೆ. ಉಳಿದರ್ಧವನ್ನು ಮುದಸ್ಸಿರ್ ಬರುವ ತನಕ ಕಾಪಾಡಿಕೊಂಡೆ.

"ಅಂಕಲ್, ನಾವು ಬ್ಯಾಡ ಅಂದಿಲ್ಲ" ಎಂದ ಹುಡುಗ. ಅವನ ಕಣ್ಣು ತುಂಬಿತ್ತು. ಭಟ್ಟಿಯ ಹೊಗೆಗಲ್ಲ, ಅವನಿಗೆ ಆ ಹೊಗೆ ಹುಟ್ಟಿನಿಂದ ಅಭ್ಯಾಸ. "ಅವಳೇ ಬಿಟ್ಟಿದ್ದು. ಶನಿವಾರ ಆರನೇ ಲೆಕ್ಕ ಬರೆದು ಕೊಟ್ಟೆ. ಇನ್ನೂ ಅರ್ಧ ಗಂಟೆ ಇತ್ತು. ಅವಳು ಕೆಂಪು ಹಾಕಿದ್ಲು. ಎಲ್ಲಿ ತಪ್ಪು ಅಂದೆ. ಗೊತ್ತಿಲ್ಲ, ಎಲ್ಲೋ ಏನೋ ಐತೆ ಅಂದ್ಲು. ಕಳಿಸೋಣ ತನು, ಕಳಿಸೋಣ ಅಂತ ಕೈ ಮುಗಿದೆ. ಕಳಿಸ್ಲಿಲ್ಲ. ಟೈಮ್ ಮುಗೀತು. ಆಮೇಲೆ ಹೊರಗೆ ಬಂದು ನೋಡಿದ್ರೆ ಅದು ಸರಿಯಾಗೇ ಇತ್ತು. ಕಳಿಸಿದ್ರೆ ನಾವು ಎರಡನೇದು ಬರ್ತಿದ್ವಿ. ನಾವೇನೂ ಅನ್ಲಿಲ್ಲ ಅಂಕಲ್. ಅವತ್ತು ಸಂಜೆನೇ ಅವಳು ನೌಮಾನ್ ಹೆಸರು ಹೇಳಿದ್ಲು. ಆಮೇಲೆ ಫೋನ್ ಎತ್ತುತ್ತಿಲ್ಲ."

"ಅನುಮಾನ ಬಂದಿದ್ದಕ್ಕೆ ತಡೆದಾಳೆ. ಅದರಾಗೆ ಏನು ತಪ್ಪು?" ಎಂದೆ. ಧ್ವನಿ ಏರಿಸಿಯೇ ಎಂದೆ.

"ಅಂಕಲ್, ಅಲ್ಲಿ ತಪ್ಪು ಕಳಿಸಿದ್ರೆ ನಮ್ಮ ಒಟ್ಟು ಟೈಮಿಗೆ ಇಪ್ಪತ್ತು ನಿಮಿಷ ದಂಡ ಕೂಡಿಸ್ತಾರೆ, ಅಷ್ಟೇ. ಮತ್ತೆ ತಿದ್ದಿ ಕಳಿಸಬಹುದು. ಕಳಿಸ್ದೇ ಇದ್ರೆ ಇಡೀ ಲೆಕ್ಕಾನೇ ಹೋತು."

ಇದು ನನಗೆ ಗೊತ್ತಿರಲಿಲ್ಲ. ಮೂರು ತಿಂಗಳು ಮೂಲೆಯಲ್ಲಿ ಕೂತು ನೋಡಿದವನು ಈ ಒಂದು ಮಾತನ್ನು ಕೇಳಿರಲಿಲ್ಲ. ಕೇಳುವ ಅಗತ್ಯವಿದೆ ಎಂದೂ ಅನ್ನಿಸಿರಲಿಲ್ಲ.

ರಹೀಮ್ ಸಾಬರು ಅಷ್ಟರಲ್ಲಿ ಕಾದ ಮರಳಿಗೆ ಅಕ್ಕಿ ಸುರಿದು ಎರಡು ಸಲ ಕೈಯಾಡಿಸಿದ್ದರು. ಬಾಣಲೆ ತುಂಬ ಬೆಳ್ಳಗೆ ಅರಳಿದ್ದನ್ನು ಎತ್ತಿ ಜರಡಿಗೆ ಹಾಕಿ ಅಲುಗಿಸಿದರು. ಮರಳೆಲ್ಲ ಕೆಳಗೆ ಬಿತ್ತು, ಜೊತೆಗೆ ಅರಳದ ಒಂದಿಷ್ಟು ಕಾಳು ಕೂಡ. ನನ್ನ ಕಣ್ಣು ಸುಮ್ಮನಿರುತ್ತದೆಯೇ? "ಅರಳದೇ ಇರೋವು ಬಾಳ ಐದಾವಲ್ರಿ" ಎಂದುಬಿಟ್ಟೆ.

"ಇರ್ತಾವೆ ಸಾಹೇಬ್ರೆ. ಮರಳಿನ ಜೊತೀಗೆ ಮತ್ತೆ ಬಾಣ್ಲಿಗೆ ಹೋಗ್ತಾವೆ, ಇನ್ನೊಂದ್ಸಲ ಬೆಂಕಿ ಕಾಣ್ತಾವೆ, ಅರಳ್ತಾವೆ. ಒಂದೊಂದೇ ಕಾಳು ಹಿಡ್ಕಂಡು ನೀ ಅರಳ್ತೀಯೋ ಇಲ್ಲೋ ಅಂತ ಕೇಳ್ತಾ ಕೂತ್ರೆ ಸಂಜೀಗೆ ದಾವಣಗೆರೆ ಮಂದಿ ಮಿರ್ಚಿ ಜೊತೆ ಏನ್ ತಿನ್ಬೇಕು?"

"ನನ್ನ ಬುಷ್ಷು ಮಂಡಕ್ಕಿ ಅಲ್ರಿ ಸಾಬ್ರೆ. ಒಂದು ಸಲ ಪಂಪಿನೊಳಗೆ ಕೂತ್ರೆ ವಾಪಸ್ ಬರಲ್ಲ. ಕೆಟ್ಟದ್ದು ಹೋದ್ರೆ ಅಲ್ಲಿ ಯಾರದೋ ಕೈ ಹೋಗ್ತೈತೆ."

"ಅದೇ ಅಂಕಲ್" ಎಂದ ಮುದಸ್ಸಿರ್ ಮೆಲ್ಲಗೆ. "ಇದು ವಾಪಸ್ ಬರ್ತೈತೆ."

ಅವರು ಕಟ್ಟಿಕೊಟ್ಟ ಮಂಡಕ್ಕಿ ಚೀಲ ತೊಡೆಯ ಮೇಲಿಟ್ಟುಕೊಂಡು ಬಸ್ಸಿನ ಕಿಟಕಿಗೆ ಕೂತೆ. ದಾರಿಯಲ್ಲಿ ಬಾತಿ ಊರು ದಾಟುವ ಹೊತ್ತಿಗೆ ತನುವಿನ ನಾಲ್ಕನೇ ಕ್ಲಾಸು ನೆನಪಾಯಿತು. "ಹುಡುಗಿಗೆ ಎಲ್ಲಾ ಗೊತ್ತೈತ್ರಿ, ಆದ್ರೆ ಕೈ ಎತ್ತಲ್ಲ" ಎಂದು ಅವಳ ಟೀಚರು ಹೇಳಿದ್ದರು. ನಾನು ಅದನ್ನು ಹೊಗಳಿಕೆ ಎಂದುಕೊಂಡು ಮನೆಗೆ ಬಂದು, ಪೂರ್ತಿ ಗೊತ್ತಿಲ್ಲದೆ ಬಾಯಿ ಬಿಡೋಳಲ್ಲ ನನ್ನ ಮಗಳು ಎಂದು ಬೀಗಿದ್ದೆ. ಹೋಮ್‌ವರ್ಕನ್ನು ಮೊದಲು ನನಗೆ ತೋರಿಸಬೇಕು, ತಪ್ಪಿದ್ದರೆ ಇಡೀ ಪುಟ ಹೊಸದಾಗಿ ಬರೆಯಬೇಕು ಎನ್ನುವುದು ನಮ್ಮ ಮನೆಯ ಕಾನೂನಾಗಿತ್ತು. ಎರಡು ವರ್ಷ ಕಳೆಯುವಷ್ಟರಲ್ಲಿ ಅವಳು ತಪ್ಪಿಲ್ಲದ ಪುಟವನ್ನೇ ತರುವಂತಾದಳು. ಅದಕ್ಕಾಗಿ ಅವಳು ಎಷ್ಟು ಪುಟ ಹರಿದು ಬಚ್ಚಿಟ್ಟಳೋ ನಾನು ಕೇಳಲಿಲ್ಲ. ಈಗ ಅವಳು ತನ್ನ ಮೇಲೇ ಕೆಂಪು ಬಳಿದುಕೊಂಡು ಪಕ್ಕಕ್ಕೆ ಸರಿದು ನಿಂತಿದ್ದಳು. ಆ ಬಣ್ಣ ಅವಳ ಕೈಗೆ ಕೊಟ್ಟವನು ನಾನೇ. ಪಕ್ಕದಲ್ಲಿ ಕೂತವರು ನೋಡಿಯಾರೆಂದು ಮುಖವನ್ನು ಕಿಟಕಿಯತ್ತ ತಿರುಗಿಸಿದೆ.

ಬುಧವಾರ ಸಂಜೆ ಅವಳನ್ನು ಕರೆತರಲು ಬಸ್ ಸ್ಟ್ಯಾಂಡಿಗೆ ಗಾಡಿ ತೆಗೆದುಕೊಂಡು ಹೋದೆ. ಹಿಂದೆ ಕೂತವರ ಮುಖ ಕಾಣುವುದಿಲ್ಲವಲ್ಲ, ನನ್ನಂಥವನಿಗೆ ಅದೇ ಅನುಕೂಲ.

"ತನು, ಹೆಸರು ಬದಲಿಸಬ್ಯಾಡ" ಎಂದೆ.

ಬೆನ್ನ ಹಿಂದಿನಿಂದ ಮಾತು ಬಂತು: "ಅಪ್ಪಾಜಿ, ಕಳಿಸೋಣ ಅಂತ ನಂಗೂ ಅನ್ನಿಸ್ತು. ಬೆರಳು ಅಲ್ಲೇ ಇತ್ತು. ಒತ್ತಕ್ಕೆ ಆಗ್ಲಿಲ್ಲ. ತಪ್ಪು ಅಂತ ಬಂದ್ರೆ ಅಂತ ಯೋಚನೆ ಬಂದ್ರೆ ಸಾಕು, ನಿಮ್ಮ ಮುಖ ಕಾಣ್ತೈತೆ."

ನಮ್ಮ ಬೀದಿಯ ತಿರುವು ಬಂತು. ನಾನು ತಿರುಗಿಸಲಿಲ್ಲ. ಗಾಡಿಯನ್ನು ಹಾಗೇ ಮುಂದಕ್ಕೆ, ದೇವಸ್ಥಾನ ದಾಟಿಸಿ, ಹೊಳೆಯ ಕಡೆಗೆ ಬಿಟ್ಟೆ. ನಿಲ್ಲಿಸಿದರೆ ಮಾತೂ ನಿಲ್ಲುತ್ತದೆಂದು ಗೊತ್ತಿತ್ತು.

"ಒಂದು ವಿಷಯ ಹೇಳ್ತೀನಿ ಕೇಳು. ನೀನಾಗ ಎರಡು ವರ್ಷದ ಕೂಸು. ನಮ್ಮ ಕಾರ್ಖಾನೆಯಾಗೆ ಒಂದಿನ ನಲವತ್ತೆರಡು ಬುಷ್ಷಿಗೆ ಕೆಂಪು ಬಳಿದೆ. ಗೇಜಿನ ಒಂದು ತುದಿ ತೂತಿನೊಳಗೆ ಹೋಗಬೇಕು, ಇನ್ನೊಂದು ತುದಿ ಹೋಗಬಾರ್ದು. ಹೋಗಬಾರದ ತುದಿ ಎಲ್ಲದ್ರಾಗೂ ಹೋತು. ತೂತು ದೊಡ್ಡದಾಗೇತಿ ಅಂತ ಅಷ್ಟನ್ನೂ ಗುಜರಿಗೆ ಹಾಕಿಸಿದೆ. ಮಾಡಿದ ಟರ್ನರಿಗೆ ಮೆಮೋ ಬಂತು. ಮಾರನೇ ದಿನ ಗೇಜನ್ನೇ ಅಳತೆಗೆ ಕಳಿಸಿದ್ವಿ. ಗೇಜಿನ ತುದಿನೇ ಸವೆದಿತ್ತು. ಬುಷ್ಷೆಲ್ಲಾ ಸರಿಯಾಗೇ ಇದ್ದವು."

"ಆಮೇಲೆ?"

"ಆಮೇಲೆ ಏನಿಲ್ಲ. ಹೊಸ ಗೇಜು ತಗಂಡೆ. ಯಾರಿಗೂ ಹೇಳ್ಲಿಲ್ಲ."

"ಯಾರು ಅಪ್ಪಾಜಿ ಆ ಟರ್ನರ್?"

"ಮಕ್ತುಮ್ ಸಾಬ್ರು" ಎಂದೆ.

ಅವಳು ಹಿಂದಿನಿಂದ ನನ್ನ ಅಂಗಿ ಹಿಡಿದುಕೊಂಡಳು. ಚಿಕ್ಕವಳಿದ್ದಾಗ ಬೀಳದಿರಲೆಂದು ಹಿಡಿಯುತ್ತಿದ್ದ ಹಾಗೆ. "ಅಂದ್ರೆ ಹದಿನೆಂಟು ವರ್ಷದಿಂದ ನೀವೂ ಕಳಿಸ್ದೇ ಇಟ್ಕಂಡೀರಿ" ಎಂದಳು.

ನನ್ನ ಮಗಳ ಬೆರಳು ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತ್ತು.

"ಹೇಳ್ತೀನಿ" ಎಂದೆ. "ಹೆಂಗೆ ತಗಂತಾರೋ ಗೊತ್ತಿಲ್ಲ. ಕೆಲಸ ಹೋದ್ರೂ ಹೋತು. ಆದ್ರೂ ಹೇಳ್ತೀನಿ. ನೀನೂ ಭಾನುವಾರ ಹೋಗಬೇಕು."

"ನೀವು ಹೇಳಿದ ಮೇಲೆ ಫೋನ್ ಮಾಡ್ರಿ" ಎಂದಳು. ನನ್ನ ಮಗಳೇ ಸರಿ. ಮಾತು ನಂಬುವವಳಲ್ಲ, ಮಾಲು ನೋಡಬೇಕು.

ಗುರುವಾರ ಪೂರ್ತಿ ಆಗಲಿಲ್ಲ. ಮೂರು ಸಲ ಅವರ ಲೇಥ್ ತನಕ ಹೋಗಿ ಮಳೆ ಬಿಸಿಲಿನ ಮಾತಾಡಿ ಬಂದೆ. ಶುಕ್ರವಾರ ಹನ್ನೊಂದಕ್ಕೆ ಚಹಾ ಬಂದಾಗ, ಲೋಟ ಕೆಳಗಿಟ್ಟು, ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಮಕ್ತುಮ್ ಸಾಬರು ಲೇಥ್ ನಿಲ್ಲಿಸಿದರು. ಅದು ತಿರುಗುವುದು ಪೂರ್ತಿ ನಿಲ್ಲುವ ತನಕ ನೋಡುತ್ತಿದ್ದರು.

"ಕೊಟ್ಟೂರಪ್ಪ" ಎಂದರು. ಮೊದಲ ಸಲ ಬರೀ ಹೆಸರು. "ನಾನು ಒಂದೊಂದು ಬುಷ್ಷನ್ನ ಮೂರು ಸಲ ಅಳೀತೀನಿ, ನೋಡೀಯಲ್ಲ?"

ನೋಡಿದ್ದೆ. ಎಂಥ ಶಿಸ್ತಿನ ಮನುಷ್ಯ ಎಂದು ಮೆಚ್ಚಿಕೊಂಡಿದ್ದೆ ಕೂಡ.

"ಆ ಮೆಮೋ ಬಂದ ದಿನದಿಂದ. ಅದಕ್ಕೂ ಮುಂಚೆ ನಾನು ಒಂದೇ ಸಲ ಅಳೀತಿದ್ದೆ. ನನ್ನ ಕೈ ಮ್ಯಾಲೆ ನಂಗೆ ನಂಬಿಕೆ ಇತ್ತು." ಇಷ್ಟು ಹೇಳಿ ಕೈ ಒರೆಸಿಕೊಂಡು ಹೊರಗೆ ಹೋದರು. ಆ ದಿನ ಮತ್ತೆ ನನ್ನ ಜೊತೆ ಮಾತಾಡಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ತನುವಿಗೆ ಫೋನ್ ಮಾಡಿ, "ಹೇಳಿದೆ" ಎಂದೆ.

"ಏನಂದ್ರು?"

"ಮಾತು ಬಿಟ್ಟಾರೆ."

"ಆಯ್ತು ಅಪ್ಪಾಜಿ. ನಾನೂ ಹೆಸರು ಬದಲಿಸಲ್ಲ" ಎಂದಳು.

ಶನಿವಾರ ಮಧ್ಯಾಹ್ನ ನಾನು ಮೇಜಿನ ಮುಂದೆ ತಲೆ ತಗ್ಗಿಸಿ ಕೂತಿದ್ದಾಗ ಮಕ್ತುಮ್ ಸಾಬರು ಬಂದು ಒಂದು ಬುಷ್ ನನ್ನೆದುರು ಇಟ್ಟರು. ಇನ್ನೂ ಬೆಚ್ಚಗಿತ್ತು. "ಒಂದೇ ಸಲ ಅಳೆದೀನಿ. ನೋಡ್ರಿ" ಎಂದರು. ಗೇಜು ಕೈಗೆತ್ತಿಕೊಂಡೆ. ಗೇಜಿನ ಹೋಗಬೇಕಾದ ತುದಿ ಹೋಯಿತು, ಹೋಗಬಾರದ ತುದಿ ಬಾಯಲ್ಲೇ ನಿಂತಿತು. ಸರಿ ಎಂದು ತಲೆಯಾಡಿಸಿದೆ. "ಕಳ್ಳ ನನ್ಮಗನೆ, ನಲವತ್ತೆರಡು ಬುಷ್ಷು" ಎಂದು ನನ್ನ ಬೆನ್ನಿಗೊಂದು ಬಲವಾಗಿ ಗುದ್ದಿ ಹೋದರು. ಚೆನ್ನಾಗಿಯೇ ನೋವಾಯಿತು. ನಾನು ಗೇಜನ್ನು ಕೈಯಲ್ಲಿ ಹಿಡಿದುಕೊಂಡೇ ಕಣ್ಣೊರೆಸಿಕೊಂಡೆ.

ಭಾನುವಾರ ನಾನೂ ನಿರ್ಮಲಮ್ಮನೂ ಕಾಲೇಜಿಗೆ ಹೋದೆವು. ಒಳಗೆ ಬಿಡುವುದಿಲ್ಲ. ಲ್ಯಾಬಿನ ಹೊರಗೆ ಉದ್ದನೆಯ ಕಾರಿಡಾರ್, ಅಲ್ಲೊಂದು ಟಿವಿ ಪರದೆಯಲ್ಲಿ ತಂಡಗಳ ಹೆಸರು, ಯಾರು ಎಷ್ಟು ಲೆಕ್ಕ ಮುಗಿಸಿದರೆಂಬ ಪಟ್ಟಿ. ಸರಿಯಾದರೆ ಹಸಿರು, ತಪ್ಪಾದರೆ ಕೆಂಪು. ರಹೀಮ್ ಸಾಬರೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದರು. ಮೂರು ಗಂಟೆಯ ಹೊತ್ತಿಗೆ ನಮ್ಮವರದು ಐದು ಹಸಿರು, ಒಟ್ಟಾರೆ ಮೂರನೇ ಸ್ಥಾನ. ಇನ್ನೊಂದು ಲೆಕ್ಕ ಆದರೆ ಹುಬ್ಬಳ್ಳಿ, ಆಗದಿದ್ದರೆ ಮನೆ. ಆ ಲೆಕ್ಕದ ಚೌಕ ಒಂದು ಗಂಟೆಯಿಂದ ಖಾಲಿಯಾಗಿಯೇ ಇತ್ತು. ತಡೆದಿದ್ದಾಳೆ, ಮತ್ತೆ ತಡೆದಿದ್ದಾಳೆ ಎಂದು ನನಗೆ ಕುಳಿತಲ್ಲಿ ಕೂರಲಾಗಲಿಲ್ಲ.

ಮೂರೂಕಾಲಿಗೆ ಆ ಚೌಕ ಕೆಂಪಾಯಿತು.

"ಅಯ್ಯೋ" ಎಂದರು ರಹೀಮ್ ಸಾಬರು. ನಾನು ಎದ್ದು ನಿಂತೆ. "ಕಳಿಸಿದ್ಲು ಕಣೇ!" ಎಂದು ನಿರ್ಮಲಮ್ಮನ ತೋಳು ಹಿಡಿದು ಅಲುಗಾಡಿಸಿದೆ. ಕೆಂಪು ನೋಡಿ ಕುಣಿಯುವ ಗಂಡನನ್ನು ಅವಳು ಮೂವತ್ತು ವರ್ಷದಲ್ಲಿ ಕಂಡಿರಲಿಲ್ಲ. ಮೂರೂವರೆಗೆ ಮತ್ತೆ ಕೆಂಪು. ಮೂರೂ ಮುಕ್ಕಾಲಿಗೆ ಇನ್ನೊಮ್ಮೆ. ಸಮಯ ಮುಗಿಯಲು ನಾಲ್ಕು ನಿಮಿಷ ಇರುವಾಗ ಅದು ಹಸಿರಾಯಿತು. ದಂಡದ ಒಂದು ಗಂಟೆ ಸೇರಿಸಿಯೂ ಎರಡನೇ ಸ್ಥಾನ.

ಬಾಗಿಲು ತೆರೆಯಿತು. ಮುದಸ್ಸಿರ್ ಓಡಿಬಂದು ಅವರಪ್ಪನ ಇಸ್ತ್ರಿ ಅಂಗಿಯನ್ನು ಹಾಳುಮಾಡಿದ. ಸುಷ್ಮಾ ನಿರ್ಮಲಮ್ಮನ ಕೊರಳಿಗೆ ಬಿದ್ದಳು. ತನು ಕಾರಿಡಾರಿನ ಆ ತುದಿಯಲ್ಲಿ ನಿಂತು ನನ್ನನ್ನು ಹುಡುಕುತ್ತಿದ್ದಳು. ಕಂಡ ಕೂಡಲೇ, ಅಷ್ಟು ಜನ ಇದ್ದಾರೆ ಎಂಬುದನ್ನೂ ನೋಡದೆ, ಅಲ್ಲಿಂದಲೇ ಕೂಗಿದಳು: "ಅಪ್ಪಾಜೀ! ಮೂರು ಸಲ ತಪ್ಪಾತು!"

ಮುಖ ತುಂಬ ನಗು. ಎರಡನೇ ಸ್ಥಾನದ ಮಾತಿಲ್ಲ, ಹುಬ್ಬಳ್ಳಿಯ ಮಾತಿಲ್ಲ. ಇಪ್ಪತ್ತು ವರ್ಷದಲ್ಲಿ ನನ್ನ ಮಗಳು ತಾನಾಗಿ ನನ್ನ ಬಳಿಗೆ ತಂದ ಮೊದಲ ತಪ್ಪುಗಳು ಅವು.

"ಬಾ ಇಲ್ಲಿ" ಎಂದೆ. ಪಕ್ಕದಲ್ಲಿ ಜಾಗ ಮಾಡಿದೆ. "ಕೂತ್ಕ. ಮೊದಲ್ನೇದು ಯಾವ್ದು, ಅದನ್ನ ಹೇಳು."

ಅವಳು ಹೇಳತೊಡಗಿದಳು. ಕಾರಿಡಾರಿನಲ್ಲಿ ಹೇಳಿದಳು, ಬಸ್ಸಿನಲ್ಲಿ ಹೇಳಿದಳು, ಹರಿಹರ ಬರುವವರೆಗೂ ಕೈ ಆಡಿಸಿಕೊಂಡು ಹೇಳುತ್ತಲೇ ಇದ್ದಳು. ನನಗೆ ಒಂದಕ್ಷರವೂ ತಿಳಿಯಲಿಲ್ಲ. ನಡುವೆ ಒಮ್ಮೆಯೂ ತಡೆಯಲಿಲ್ಲ.